ಹೊಸ್ತಿಲ ಜಕಾತಿ

ನಮ್ಮ ಸೋದರಮಾವನ ಮನೆಗೆ ಪುಕ್ಕಟೆ ಬರುತ್ತಿದ್ದದ್ದು ಗಾಳಿಯೊಂದೇ! ಉಳಿದದ್ದಕ್ಕೆಲ್ಲ ಜಕಾತಿ. ಆಗ ತೊಂಬತ್ತರ ದಶಕ. ಪುಣೆಯ ಸುತ್ತ, ಊರೊಳಗೆ ಬರುವ ಸರಕಿಗೆ ಸುಂಕ ವಸೂಲು ಮಾಡುವ ಜಕಾತಿ ನಾಕೆಗಳು, ಅಲ್ಲಿ ಸಾಲುಗಟ್ಟಿ ನಿಂತ ಲಾರಿಗಳು. ಮಾವ ಅಲ್ಲಿಯ ಅಧಿಕಾರಿ ಅಂದುಕೊಂಡಿರಾ? ಛೆ, ಬಟ್ಟೆ ಅಂಗಡಿಯ ಗುಮಾಸ್ತ! ಸಂಜೆಯಾದರೆ ಈ ಬ್ರಹ್ಮಚಾರಿ ಬಾಗಿಲಲ್ಲಿ ಕುರ್ಚಿ ಹಾಕಿ ಅಡ್ಡಗಾಲು ಚಾಚುತ್ತಿದ್ದ. ಅದೇ ನಾಕೆಯ ಗೇಟು. ಬಂದವರು ಚೀಲದೊಳಗಿನ ತಿಂಡಿಯಲ್ಲಿ ಒಂದು ಚೂರು ಅವನ ಕೈಗಿಟ್ಟರೆ ಮಾತ್ರ ಗೇಟು ಮೇಲೇಳುತ್ತಿತ್ತು.

ಪ್ರತಿ ರಜೆಗೆ ಬಿಜಾಪುರದಿಂದ ಅವ್ವನ ಜೊತೆ ಹೋಗುತ್ತಿದ್ದ ನಾನೂ ಶೇಂಗಾ ಹೋಳಿಗೆಯ ಡಬ್ಬಿ ತೆರೆದು ನಿಲ್ಲಬೇಕಿತ್ತು.

"ಹಸಿವಾಗಿದ್ರ ಕೇಳಿ ತಗೋಬಾರದೇನು ಮಾಮಾ?" ಎಂದೆ ಒಮ್ಮೆ.

"ಕೇಳಿದ್ರ ಅದು ಕೈಗಡ. ಬೇಡಿದ್ರ ಭಿಕ್ಷಾ. ವಿಧಿಸಿದ್ರನ ಜಕಾತಿ! ಹೊರಗಿಂದ ಬರೂ ಸಾಮಾನಿಗೆ ಅಷ್ಟ ಹಾಕೂದು, ತಿಳೀತಿಲ್ಲೋ?"

ಪಾಠದ ಪುಸ್ತಕದಲ್ಲಿ ರಾಜರು ಕಂದಾಯ ವಿಧಿಸುತ್ತಿದ್ದರು, ಮಾಸ್ತರರು ದಂಡ ವಿಧಿಸುತ್ತಿದ್ದರು. ಹೋಳಿಗೆಯ ಮೇಲೆ ವಿಧಿಸಿದವನು ಇವನೊಬ್ಬನೇ! ಆ ಮಾತನ್ನು ಎಷ್ಟು ಘನವಾಗಿ ಹೇಳಿದನೆಂದರೆ ಬಾಯೊಳಗಿನ ಹೋಳಿಗೆಯ ಪುಡಿ ನನ್ನ ಅಂಗಿಗೆ ಸಿಡಿಯಿತು.

ಪಕ್ಕದ ಮನೆಯ ಮರಾಠಿ ಕಾಕು ಒಂದು ದಿನ ಅವನ ಕೈಗೆ ಸಿಕ್ಕಿಬಿದ್ದರು. "ಆಜ್ ಫಕ್ತ್ ಕಾರ್ಲೀ ಆಹೇತ!" ಎಂದು ನಕ್ಕರು. ಬರೀ ಹಾಗಲಕಾಯಿ! ಆದರೆ ವಿಧಿಸಿದ್ದನ್ನು ಹಿಂದೆಗೆದುಕೊಂಡರೆ ನಾಕೆಯ ಮರ್ಯಾದೆ ಏನಾಗಬೇಕು? ಮಾವ ಹಸಿಯದನ್ನೇ ಅಗಿದು, ಕಣ್ತುಂಬ ನೀರು ತುಂಬಿಕೊಂಡು ಕಾಲೆತ್ತಿದ. ಇನ್ನೊಮ್ಮೆ ಜೇಜುರಿಯ ದೇವರಿಗೆ ಹೋಗಿಬಂದ ನಮ್ಮೂರಿನವರ ಬಳಿ ಭಂಡಾರದ ಅರಿಶಿನಪುಡಿ ಬಿಟ್ಟರೆ ಏನೂ ಇರಲಿಲ್ಲ. ಅವತ್ತು ಅರಿಶಿನದ ಹಲ್ಲು ಕಿಸಿದುಕೊಂಡೇ ಮಲಗಿದ.

ಅಪ್ಪ ತೀರಿಕೊಂಡ ಮೇಲೆ ನಾವು ಪುಣೆಗೆ ಹೊರಟದ್ದು ರಜೆಗಲ್ಲ. ಜೊತೆಗೆ ಟ್ರಂಕು, ಹಾಸಿಗೆಯ ಸುರುಳಿ. "ಅಣ್ಣಗ ಭಾಳ ಭಾರ ಆಗ್ತೀವೋ ಏನೋ," ದಾರಿಯುದ್ದಕ್ಕೂ ಅವ್ವನದು ಅದೇ ಚಿಂತೆ. ಆದರೂ ಜಕಾತಿಗೆಂದು ಒಂದು ಶೇಂಗಾ ಉಂಡಿಯನ್ನು ಮುಷ್ಟಿಯಲ್ಲಿ ಹಿಡಿದೇ ರಿಕ್ಷಾ ಇಳಿದಳು.

ನಮ್ಮನ್ನು ಕಂಡೊಡನೆ ಮಾವ ಕಾಲು ಮಡಚಿ ಎದ್ದು, ಕುರ್ಚಿಯನ್ನೇ ಪಕ್ಕಕ್ಕೆ ಸರಿಸಿದ. ಅವ್ವನ ಮುಖ ಬಿಳುಪೇರಿತು.

"ಯಾಕಣ್ಣಾ, ಜಕಾತಿ ಬ್ಯಾಡೇನು? ನಾವು ಬಂದದ್ದು ನಿನಗ ಸೇರಲಿಲ್ಲೇನು?"

ಮಾವ ಟ್ರಂಕನ್ನು ಹೆಗಲಿಗೇರಿಸಿದ. "ಹುಚ್ಚಿ, ಹೊರಗಿಂದ ಬಂದದ್ದಕ್ಕ ಜಕಾತಿ. ಇದು ನಮ್ಮ ಮನೀ ಸಾಮಾನು. ಒಳಗ ಬಾ."

ಅಪ್ಪ ಹೋದಾಗಿನಿಂದ ಅಳು ಬಿಗಿಹಿಡಿದುಕೊಂಡಿದ್ದ ಅವ್ವ ಹೊಸ್ತಿಲಲ್ಲೇ ನಿಂತು ಅತ್ತುಬಿಟ್ಟಳು. ಮುಷ್ಟಿಯೊಳಗಿನ ಉಂಡಿ ಪುಡಿಯಾಗಿತ್ತು. ಅದನ್ನೇ ಮೂವರೂ ಒಳಗೆ ಕೂತು ತಿಂದೆವು.