ಎರಡನೇ ಚರಣದ ದುರಸ್ತಿ

ನಗರದ ಸಾಂಸ್ಕೃತಿಕ ಉತ್ಸವವು ಅಭೂತಪೂರ್ವ ಯಶಸ್ಸಿನೊಂದಿಗೆ ಮುಕ್ತಾಯಗೊಂಡಿತೆಂದು ಸಂಸ್ಕೃತಿ ಇಲಾಖೆಯು ಅಧಿಕೃತವಾಗಿ ಪ್ರಕಟಿಸಿದ ದಿನ, ಮೈದಾನದಲ್ಲಿ ಚಪ್ಪರದ ಕಂಬಕ್ಕೆ ಗುಂಡಿ ತೋಡುವ ಕೆಲಸ ಇನ್ನೂ ಶುರುವಾಗಿರಲಿಲ್ಲ. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಊರಿಗೆ ಕಾಣಲಿಲ್ಲ. ಆಶ್ಚರ್ಯಪಟ್ಟವರು ಒಬ್ಬರೇ, ಹೆಣ್ಣುಮಕ್ಕಳ ಶಾಲೆಯ ಹಾಡಿನ ಟೀಚರು. ಪ್ರಕಟಣೆಯ ಪ್ರಕಾರ ಉತ್ಸವದಲ್ಲಿ ಹಾಡಿದವರು ಅವರೇ.

ಪತ್ರಿಕೆ ಓದಿ ಹೇಳಿದ್ದು ಅವರ ತಂಗಿ. ಅವಳಿಗೆ ಹೊಲಿಗೆ ಅಂಗಡಿ, ಬಿಡುವಾದಾಗ ಅಕ್ಕನಿಗೆ ಹಾರ್ಮೋನಿಯಂ ಹಿಡಿಯುತ್ತಿದ್ದಳು.

“‘ಸುಮಧುರ ಗಾಯನಕ್ಕೆ ಸಭಿಕರು ಮೈಮರೆತರು’ ಅಂತ ಹಾಕಿದ್ದಾರೆ ಕಣೇ. ನನ್ನನ್ನ ಬಿಟ್ಟು ಹೋಗಿ ಹಾಡಿ ಬಂದ್ಯಾ?”

“ನಾನು ಮನೆ ಬಿಟ್ಟು ಎಲ್ಲಿಗೆ ಹೋದೆ?”

“ಮತ್ತೆ ಹಾರ್ಮೋನಿಯಂ ಯಾರು ಹಿಡಿದ್ರು?” ತಂಗಿಗೆ ಅದೇ ಚಿಂತೆ.

ಟೀಚರಿಗೆ ನಗು ಬರಲಿಲ್ಲ. ಊರಿನ ಅರ್ಧ ಹೆಣ್ಣುಮಕ್ಕಳಿಗೆ ಸ್ವರ ಕಲಿಸಿದವರು ಅವರು. ತಮ್ಮ ಕೈಯಲ್ಲಿ ಕಲಿತವರು ದೊಡ್ಡ ವೇದಿಕೆ ಏರಿದಾಗೆಲ್ಲ ಮುಂದಿನ ಸಾಲಿನಲ್ಲಿ ಕೂತು ತಾಳ ಹಾಕಿದ್ದರು. ಆ ವೇದಿಕೆಯ ಮೇಲೆ ತಾವೇ ಒಮ್ಮೆ ಹಾಡಬೇಕೆಂಬ ಆಸೆಯನ್ನು ಯಾರೆದುರಿಗೂ ಆಡಿದವರಲ್ಲ. ಈಗ ಆ ಆಸೆ ತಮಗೆ ಗೊತ್ತಿಲ್ಲದಂತೆಯೇ ತೀರಿಹೋಗಿತ್ತು. ಸೀರೆ ಬದಲಿಸಿ ತಂಗಿಯನ್ನೂ ಕರೆದುಕೊಂಡು ಇಲಾಖೆಗೆ ಹೊರಟರು.

ಸಹಾಯಕ ನಿರ್ದೇಶಕರು ಎದ್ದು ನಿಂತು ಬರಮಾಡಿಕೊಂಡರು. “ಬನ್ನಿ ಟೀಚರೇ. ಬಹಳ ಚೆನ್ನಾಗಿ ಹಾಡಿದ್ರಿ.”

“ನಾನು ಹಾಡೇ ಇಲ್ಲ ಸಾರ್.”

“ಅದು ನಿಮ್ಮ ವಿನಯ.”

ಆಮೇಲೆ ಅವರು ಬೇಸರವಿಲ್ಲದೆ ವಿವರಿಸಿದರು. ಆರ್ಥಿಕ ವರ್ಷ ಮುಗಿಯುತ್ತಿತ್ತು. ಉತ್ಸವವನ್ನು ಯಾವಾಗ ಬೇಕಾದರೂ ಮಾಡಬಹುದು, ಅನುದಾನವನ್ನು ಯಾವಾಗ ಬೇಕಾದರೂ ಖರ್ಚು ಮಾಡಲು ಬರುವುದಿಲ್ಲ. ಆದಕಾರಣ ಮೊದಲು ಯಶಸ್ಸು, ನಂತರ ಉತ್ಸವ. ಕಂಬ, ಕಮಾನು, ಕಾರ್ಪೆಟ್ಟು, ಹೂಗುಚ್ಛ ಸಮೇತ ಇಡೀ ಗುತ್ತಿಗೆ ಅತಿ ಕಡಿಮೆ ದರ ನಮೂದಿಸಿದ ಶಾಮಿಯಾನದ ಯಜಮಾನರಿಗೆ ಹೋಗಿತ್ತು. ಬಿಲ್ಲಿನ ಪಟ್ಟಿಯಲ್ಲಿ ಕಾರ್ಪೆಟ್ಟಿನ ಕೆಳಗೆ, ಹೂಗುಚ್ಛಗಳ ಮೇಲೆ, ಒಂದು ಬಾಬ್ತು ಇತ್ತು: ‘ಗಾಯನ, ಉತ್ತಮ ದರ್ಜೆ, ಒಂದು.’ ಅದೂ ಪೂರೈಕೆಯಾಗಿ ಬಿಲ್ಲು ಪಾಸಾಗಿತ್ತು.

“ಹಾಗಾದ್ರೆ ಉತ್ಸವ ನಡೆಯೋ ದಿನ ನಾನು ಹಾಡ್ತೀನಿ,” ಎಂದರು ಟೀಚರು.

ಸಹಾಯಕ ನಿರ್ದೇಶಕರ ಮುಖ ಬಾಡಿತು. “ಒಂದೇ ಕಾಮಗಾರಿ ಎರಡು ಸಲ ಮಾಡಿದ ಹಾಗಾಗುತ್ತೆ. ಲೆಕ್ಕಪರಿಶೋಧನೆಯವರು ನನ್ನನ್ನ ಸುಮ್ಮನೆ ಬಿಡ್ತಾರಾ?”

ಟೀಚರ ಕಣ್ಣಲ್ಲಿ ನೀರು ನೋಡಿ ಅವರ ಮನಸ್ಸು ಕರಗಿತು. ಕಪಾಟಿನಿಂದ ನಿಯಮಾವಳಿ ತೆಗೆದು, ಪುಟ ತಿರುವಿ, ದಾರಿಯೊಂದನ್ನು ಕಂಡುಹಿಡಿದೇ ಬಿಟ್ಟರು. ಪೂರೈಸಿದ ಸಾಮಗ್ರಿಯಲ್ಲಿ ದೋಷ ಕಂಡುಬಂದಲ್ಲಿ, ಖಾತರಿ ಅವಧಿಯೊಳಗೆ ಗುತ್ತಿಗೆದಾರನು ಸ್ವಂತ ಖರ್ಚಿನಲ್ಲಿ ದುರಸ್ತಿ ಮಾಡಿಕೊಡತಕ್ಕದ್ದು.

“ನೀವು ಕೆಟ್ಟದಾಗಿ ಹಾಡಿದ್ರಿ ಅಂತ ಒಂದು ದೂರು ಬರೆದುಕೊಡಿ. ಮಿಕ್ಕಿದ್ದು ನನಗೆ ಬಿಡಿ.”

“ನಾನಾ? ಕೆಟ್ಟದಾಗಾ?”

“ಬೇರೆಯವರು ಬರೆದ್ರೂ ನಡೆಯುತ್ತೆ. ಆದ್ರೆ ಯಾರೂ ಒಪ್ಪಲ್ಲ, ಎಲ್ರಿಗೂ ಚೆನ್ನಾಗಿತ್ತಂತೆ.”

ಬಿಳಿ ಹಾಳೆಯ ಮುಂದೆ ಟೀಚರು ಬಹಳ ಹೊತ್ತು ಕೂತರು. ಹುಡುಗಿಯರ ಸ್ವರ ಕೂದಲೆಳೆಯಷ್ಟು ಜಾರಿದರೂ ಸಹಿಸದವರಿಗೆ ತಮ್ಮದೇ ಹಾಡನ್ನು ಹಳಿಯುವುದೆಂದರೆ ಕೈ ಓಡುತ್ತದೆಯೇ? ತಂಗಿ ಪಿಸುಗುಟ್ಟಿದಳು: “ಅಪಸ್ವರ ಅಂತ ಬರೆದು ಮುಗಿಸೇ ಅತ್ಲಾಗೆ. ಹಾಡದೇ ಇರೋ ಹಾಡಿಗೆ ಇಷ್ಟೊಂದು ಮರ್ಯಾದೆ ಯಾಕೆ?”

ಪೂರ್ತಿ ಕೆಟ್ಟಿತ್ತೆಂದು ಬರೆಯಲು ಟೀಚರಿಂದ ಆಗಲಿಲ್ಲ. ಕೊನೆಗೆ ಬರೆದದ್ದು ಇಷ್ಟೇ: ‘ಗಾಯನವು ಒಟ್ಟಾರೆ ಉತ್ತಮವಾಗಿದ್ದು, ಎರಡನೇ ಚರಣದಲ್ಲಿ ಮಾತ್ರ ಶ್ರುತಿ ಸ್ವಲ್ಪ ತಪ್ಪಿರುತ್ತದೆ.’

ಉತ್ಸವದ ದಿನ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಜನಕ್ಕಿಂತ ಕಂಬಗಳೇ ಜಾಸ್ತಿ, ಕಂಬಕ್ಕೆ ಇಷ್ಟೆಂದು ದರವಿತ್ತು. ಶಾಮಿಯಾನದ ಯಜಮಾನರು ತುಂಬು ಹೃದಯದ ಮನುಷ್ಯ. ವೇದಿಕೆಯ ಹಿಂದೆ ಟೀಚರನ್ನು ಕುರ್ಚಿ ಹಾಕಿ ಕೂರಿಸಿ ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸಿದರು: “ಎಲ್ಲಾ ನಮ್ಮದೇ ಐಟಂ. ಪರದೆ ನಮ್ಮದು, ಜನರೇಟರ್ ನಮ್ಮದು, ಈ ಅಕ್ಕಾವ್ರೂ ನಮ್ಮವರೇ.” ತಂಗಿ ಕುರ್ಚಿಯ ಕೆಳಗೆ ಬಗ್ಗಿ ನೋಡಿದಳು, ಬಾಡಿಗೆ ಕುರ್ಚಿಗೆ ಬರೆದ ಹಾಗೆ ಅಕ್ಕನಿಗೂ ನಂಬರು ಬರೆದಿದ್ದಾರೇನೋ ಎಂದು.

ಭಾಷಣಗಳಾದ ಮೇಲೆ ದುರಸ್ತಿಯ ಸರದಿ ಬಂತು. ಗುಣಮಟ್ಟ ದೃಢೀಕರಿಸಲು ಕಟ್ಟಡ ವಿಭಾಗದ ಇಂಜಿನಿಯರು ವೇದಿಕೆಯ ಪಕ್ಕದಲ್ಲೇ ಕೂತಿದ್ದರು. ತಂಗಿ ಹಾರ್ಮೋನಿಯಂ ತೆರೆದಳು. ಟೀಚರು ಕಣ್ಣುಮುಚ್ಚಿ ಪಲ್ಲವಿ ಎತ್ತಿಕೊಂಡರು. ಒಂದು ಸಾಲು ಮುಗಿದಿರಲಿಲ್ಲ, ಇಂಜಿನಿಯರು ಕೈ ಅಡ್ಡ ಹಿಡಿದರು.

“ಪಲ್ಲವಿ ಸುಸ್ಥಿತಿಯಲ್ಲಿದೆ ಅಂತ ನೀವೇ ಬರೆದಿದ್ದೀರಲ್ಲಾ ಮೇಡಂ. ಮಂಜೂರಾಗಿರೋದು ಎರಡನೇ ಚರಣ ಮಾತ್ರ.”

ಟೀಚರು ಯಜಮಾನರ ಕಡೆ ನೋಡಿದರು. ಅವರು ಕೈಮುಗಿದರು. “ಸುಸ್ಥಿತಿಯಲ್ಲಿರೋದನ್ನ ಬಿಚ್ಚಿದ್ರೆ ನನ್ನ ಮೇಲೆ ಬರುತ್ತೆ ಅಕ್ಕಾವ್ರೇ.”

ಇಷ್ಟು ವರ್ಷ ಕಾದದ್ದು ಒಂದು ಚರಣಕ್ಕೆ! ಹೋಗಿಬಿಡೋಣವೆಂದು ಟೀಚರು ಎದ್ದರು. ಮುಂದಿನ ಸಾಲಿನಲ್ಲಿ ಅವರ ಹಳೆಯ ಶಿಷ್ಯೆಯರು ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾಯುತ್ತಿದ್ದರು. ಟೀಚರು ಮತ್ತೆ ಕೂತರು, ಎರಡನೇ ಚರಣ ಹಾಡಿದರು. ಎಷ್ಟು ಚೆನ್ನಾಗಿ ಹಾಡಿದರೆಂದರೆ ಯಜಮಾನರು ಕಂಬ ಎಣಿಸುವುದನ್ನು ಬಿಟ್ಟು ನಿಂತರು.

“ದೋಷ ನಿವಾರಣೆಯಾಗಿದೆ,” ಎಂದು ಇಂಜಿನಿಯರು ಪೆನ್ನಿನ ಮುಚ್ಚಳ ತೆಗೆದರು.

“ಎಲ್ಲಿ ಸಾರ್ ಆಗಿದೆ?” ಎಂದಳು ತಂಗಿ.

“ಅಂದ್ರೆ?”

“ದೂರು ಕೊಟ್ಟಿದ್ದು ಅಕ್ಕ. ಸರಿಹೋಯ್ತು ಅಂತ ಹೇಳಬೇಕಾದ್ದೂ ಅಕ್ಕ. ಏನಕ್ಕಾ, ಸರಿಹೋಯ್ತಾ?”

ಟೀಚರು ತಂಗಿಯ ಮುಖ ನೋಡಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ನಾಲಿಗೆ ಸ್ವಲ್ಪ ತಡವರಿಸಿತು. “ಇಲ್ಲಪ್ಪ,” ಎಂದರು, “ಎಲ್ಲೋ ಚೂರು ಉಳಿದಿದೆ.”

ಇಂಜಿನಿಯರು ನಿಯಮಾವಳಿ ನೋಡಿದರು. ದೂರುದಾರರಿಗೆ ತೃಪ್ತಿಯಾಗುವವರೆಗೆ ದುರಸ್ತಿ ಮುಂದುವರಿಯತಕ್ಕದ್ದು. ಪೆನ್ನಿನ ಮುಚ್ಚಳ ಹಾಕಿದರು.

ಟೀಚರು ಎರಡನೇ ಚರಣವನ್ನು ಮತ್ತೆ ಹಾಡಿದರು. ತೃಪ್ತಿಯಾಗಲಿಲ್ಲ. ಮೇಲಿನ ಸ್ಥಾಯಿಯಲ್ಲಿ ಹಾಡಿದರು, ವಿಲಂಬದಲ್ಲಿ ಹಾಡಿದರು, ಒಂದೊಂದು ಪದವನ್ನೂ ಹತ್ತು ಬಗೆಯಲ್ಲಿ ಹೊರಳಿಸಿದರು. ಪ್ರತಿಸಲವೂ ತಲೆಯಾಡಿಸಿ, ಊಹೂಂ, ಇನ್ನೂ ಇದೆ ಎನ್ನುತ್ತಿದ್ದರು. ಶಿಷ್ಯೆಯರು ದನಿಗೂಡಿಸಿದರು. ಅವರ ಮಕ್ಕಳಿಗೂ ಬಾಯಿಪಾಠವಾಯಿತು. ಚರಣದ ಹಿಂದೆಮುಂದೆ ಏನಿತ್ತೆಂದು ಯಾರೂ ಕೇಳಲಿಲ್ಲ. ಸಹಾಯಕ ನಿರ್ದೇಶಕರು ಪರದೆಯ ಮರೆಯಲ್ಲಿ ಕಣ್ಣೊರೆಸಿಕೊಂಡರು, ಕಣ್ಣೀರನ್ನು ಬರೆದುಕೊಳ್ಳಲು ಇಲಾಖೆಯ ಲೆಕ್ಕದಲ್ಲಿ ಶೀರ್ಷಿಕೆ ಇರಲಿಲ್ಲವಾದ್ದರಿಂದ ಮರೆಯಲ್ಲಿ. ಕೊನೆಗೆ ಇಂಜಿನಿಯರೇ, “ಮೇಡಂ, ಇನ್ನೊಂದು ಸಲ ನೋಡೋಣ, ನನಗೂ ಎಲ್ಲೋ ಅನುಮಾನ,” ಎಂದು ಶುರುಮಾಡಿದರು.

ದುರಸ್ತಿ ಉಚಿತವಾದ್ದರಿಂದ ಟೀಚರಿಗೆ ಸಂಭಾವನೆ ಸಿಗಲಿಲ್ಲ. ಕಾರ್ಪೆಟ್ಟಿನ ಹೆಚ್ಚುವರಿ ಸವೆತಕ್ಕೆ ಯಜಮಾನರಿಗೆ ಸಿಕ್ಕಿತು. ಗುಣಮಟ್ಟದಲ್ಲಿ ರಾಜಿ ಮಾಡಿಕೊಳ್ಳದ ಇಲಾಖೆಯೆಂದು ಪತ್ರಿಕೆಗಳು ಹೊಗಳಿದವು. ಉಳಿದ ಕಲಾವಿದರು ದಡ್ಡರೇ? ನೃತ್ಯದವಳು ತನ್ನ ಎಡಗಾಲು ಸರಿಯಾಗಿ ಪೂರೈಕೆಯಾಗಿಲ್ಲವೆಂದು ದೂರಿತ್ತಳು. ನಾಟಕದವರು ಮೂರನೇ ಅಂಕ ಸೋರುತ್ತಿದೆಯೆಂದು ಬರೆದರು. ಮರುವರ್ಷದಿಂದ ಇಲಾಖೆಯು ಉತ್ಸವವನ್ನು ಕಾಗದದ ಮೇಲಷ್ಟೇ ನಡೆಸಿ, ದುರಸ್ತಿಯನ್ನು ಮಾತ್ರ ಮೈದಾನದಲ್ಲಿ ಅದ್ದೂರಿಯಾಗಿ ಆಚರಿಸುವ ಪದ್ಧತಿಗೆ ಬಂತು. ಜನ ಮಕ್ಕಳುಮರಿ ಕಟ್ಟಿಕೊಂಡು ಬಂದು ಕೂರತೊಡಗಿದರು.

ಒಂದು ಸಂಜೆ ತರಕಾರಿ ಅಂಗಡಿಯ ಮುಂದೆ ನಿವೃತ್ತ ಪೋಸ್ಟ್‌ಮಾಸ್ಟರರು ಟೀಚರನ್ನು ತಡೆದು ನಿಲ್ಲಿಸಿದರು.

“ದುರಸ್ತಿ ಕೇಳಿದೆ ಟೀಚರೇ. ಚೆನ್ನಾಗೇ ಇತ್ತು, ಇಲ್ಲ ಅನ್ನಲ್ಲ. ಆದ್ರೆ ಮೊದಲನೇ ಸಲ ಪೂರ್ತಿ ಹಾಡಿದ್ರಲ್ಲಾ, ಅದರ ಮುಂದೆ ಇದೇನೂ ಅಲ್ಲ ಬಿಡಿ.”

ತಂಗಿ ಬಾಯಿ ತೆರೆಯುವಷ್ಟರಲ್ಲಿ ಟೀಚರು ಅವಳ ಕೈ ಅದುಮಿದರು.

“ಹೌದು ಸಾರ್,” ಎಂದರು, “ಅವತ್ತು ಒಳ್ಳೇ ಕಳೆ ಕಟ್ಟಿತ್ತು. ಆ ಎರಡನೇ ಚರಣ ಒಂದು ಕೈಕೊಡದೇ ಇದ್ದಿದ್ರೆ.”