ಕುಯ್ಲು ಮುಗಿಯುವ ತನಕ ಜಪಾನು ಕಾಯಲಿ

ಜಪಾನಿ ಭಾಷೆಯಲ್ಲಿ ಇಡೀ ಯಸಳೂರು ಹೋಬಳಿಗೆ ನಮ್ಮಕ್ಕನೇ ಮೊದಲನೆಯವಳು! ಕೊನೆಯವಳೂ ಅವಳೇ. ಅವಳು ಆಡುವುದು ಸರಿಯೋ ತಪ್ಪೋ ಹೇಳಬಲ್ಲ ಒಂದು ನರಪಿಳ್ಳೆಯೂ ಸುತ್ತಮುತ್ತ ಇರಲಿಲ್ಲವಾದ್ದರಿಂದ ಅವಳು ಎಂದೂ ತಪ್ಪು ಮಾತಾಡಲಿಲ್ಲ. ಇಂಥ ಪಾಂಡಿತ್ಯ ಎಷ್ಟು ಜನಕ್ಕೆ ಸಿಗುತ್ತದೆ ಹೇಳಿ?

ಎಂಬತ್ತರ ದಶಕದ ಶುರುವಿನಲ್ಲಿ ಅವಳು ಮೈಸೂರಿನ ಹಾಸ್ಟೆಲ್ಲಿನಲ್ಲಿದ್ದುಕೊಂಡು ಎಂ.ಎಸ್ಸಿ. ಓದುತ್ತಿದ್ದಳು. ಸಂಜೆ ಹೊತ್ತು ಅಲ್ಲಿ ಪರದೇಶದ ಭಾಷೆಗಳನ್ನು ಕಲಿಸುತ್ತಿದ್ದರು. ಬುದ್ಧಿವಂತರೆಲ್ಲ ಜರ್ಮನ್ ಹಿಡಿದರು. ಬುದ್ಧಿವಂತರ ಹಾಗೆ ಕಾಣಬೇಕಾದವರು ಫ್ರೆಂಚ್ ಹಿಡಿದರು. ನಮ್ಮಕ್ಕ ಹೋಗಿ ಜಪಾನಿ ಹಿಡಿದಳು.

“ಅದೇ ಯಾಕಕ್ಕ?” ಎಂದು ಕೇಳಿದೆ.

“ಅಲ್ಲಿ ಫ್ಯಾನಿನ ಕೆಳಗೆ ಜಾಗ ಖಾಲಿ ಇತ್ತು ಕಣೆ.”

ಫ್ಯಾನಿನ ಗಾಳಿಗೆ ಹೋಗಿ ಕೂತವಳಿಗೆ ಹುಚ್ಚು ಅಂಟಿಕೊಂಡಿತು. ಜಪಾನಿಗೆ ಹೋಗಿ ಮಣ್ಣಿನ ವಿಷಯ ಓದಬೇಕು, ಅದಕ್ಕೆ ಅವರೇ ವಿದ್ಯಾರ್ಥಿವೇತನ ಕೊಡುತ್ತಾರೆ, ಭಾಷೆ ಬಂದರೆ ಸಾಕು ಎಂದು ಕುಣಿದಾಡಿದಳು. ಅಪ್ಪನ ತಲೆಗೆ ಇದು ಹೋಗಲಿಲ್ಲ.

“ಮಣ್ಣು ನೋಡಾಕೆ ಅಲ್ಲೀಗಂಟ ಹೋಗ್ಬೇಕಾ? ನಮ್ ತೋಟದಾಗೆ ಇರೋದೇನು, ಅವಲಕ್ಕಿನಾ?”

ರಜೆಗೆ ಬಂದರೆ ನಮಗೆ ಪೀಡೆ ಶುರು. ಮಾತಾಡಿ ಅಭ್ಯಾಸ ಮಾಡಲು ಜನ ಬೇಕಲ್ಲ? ನಾನು ಓಡಿಹೋಗುತ್ತಿದ್ದೆ, ನಾಯಿಗೆ ಸರಪಳಿ ಇತ್ತು, ಸಿಕ್ಕಿಬಿದ್ದಿತು. ಒಂದು ವಾರ ಅದಕ್ಕೆ ಜಪಾನಿಯಲ್ಲಿ ಪಾಠ ಹೇಳಿದ ಮೇಲೆ ನಮ್ಮನ್ನೆಲ್ಲ ಕರೆದು ನಿಲ್ಲಿಸಿ, ‘ಕೂತ್ಕೋ’ ಎಂದು ಜಪಾನಿಯಲ್ಲಿ ಅಪ್ಪಣೆ ಕೊಟ್ಟಳು. ನಾಯಿ ಕೂತೇ ಇತ್ತು. ಅದಕ್ಕೆ ಮೊದಲೂ ಕೂತಿತ್ತು ಎಂಬುದನ್ನು ಅವಳು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ!

ಆಮೇಲೆ ಕಾಫಿ ಕಣಕ್ಕೆ ಬಂದಳು. ಹಣ್ಣು ಹರಡಿ ಒಣಗಿಸುವಾಗ ಹಲಗೆಯಲ್ಲಿ ಎಳೆದು ಸಾಲು ಮಾಡುತ್ತೇವಲ್ಲ, ಇವಳು ಸಾಲು ಮಾಡುವ ಬದಲು ಅಕ್ಷರ ಬರೆಯುತ್ತಿದ್ದಳು. ಒಂದೊಂದು ಅಕ್ಷರ ಒಂದೊಂದು ಕೋಣೆಯಷ್ಟು ದೊಡ್ಡದು. ಒಂದು ದಿನ ಅಪ್ಪ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಏನವ್ವಾ ಇದು?”

“‘ಬೆಟ್ಟ’ ಅಂತ ಬರ್ದಿದೀನಿ ಅಪ್ಪಾ.”

“ಬೆಟ್ಟ ಎದುರಿಗೇ ಐತಲ್ಲ, ಬರ್ದು ಬೇರೆ ತೋರಿಸ್ಬೇಕಾ? ಕಾಯಿ ಬೂಷ್ಟು ಹಿಡಿದ್ರೆ ನಿನ್ ಜಪಾನಿನೋರು ಬಂದು ಕೊಂಡ್ಕೋತಾರಾ?”

ಎಲ್ಲಕ್ಕಿಂತ ದೊಡ್ಡ ಕಾಟವೆಂದರೆ ಬಗ್ಗುವುದು. ಎರಡೂ ಕೈ ತೊಡೆಯ ಮೇಲಿಟ್ಟು, ಬೆನ್ನು ನೆಟ್ಟಗಿಟ್ಟು, ಸೊಂಟದಿಂದ ಬಗ್ಗಬೇಕಂತೆ. ದೊಡ್ಡವರಿಗಿಂತ ಚಿಕ್ಕವರು ಹೆಚ್ಚು ತಗ್ಗಬೇಕಂತೆ. ದೊಡ್ಡವರು ಏಳುವ ತನಕ ಚಿಕ್ಕವರು ಏಳುವ ಹಾಗಿಲ್ಲವಂತೆ. ಯಸಳೂರಿನಲ್ಲಿ ಸಕಲೇಶಪುರದ ಬಸ್ಸು ಬಂದಾಗ ಕಂಡಕ್ಟರಿಗೂ ಹೀಗೇ ಬಗ್ಗಿದಳು. ತಲೆ ಎತ್ತುವಷ್ಟರಲ್ಲಿ ಬಸ್ಸು ಹೋಗಿತ್ತು! ಮನೆಯಲ್ಲಿ ಅವಳು ಬಗ್ಗಿದಾಗಲೆಲ್ಲ ಅಪ್ಪ, “ಏನ್ ಬಿದ್ದೋಯ್ತವ್ವಾ, ಹುಡುಕ್ಕೊಡ್ಲಾ?” ಎಂದು ರೇಗಿಸುತ್ತಿದ್ದರು. ಅಪ್ಪನಾದರೋ ದೇವರ ಮುಂದೆಯೂ ಸೆಟೆದು ನಿಂತೇ ಕೈ ಮುಗಿಯುವ ಆಸಾಮಿ.

ಈಗ ಕುಯ್ಲಿನ ವಿಷಯ ಹೇಳಬೇಕು. ಹೇಳುವಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಕಾಫಿ ಹಣ್ಣು ಕುಯ್ಯುವ ಆ ಮೂರು ತಿಂಗಳು ನಮ್ಮ ಕಡೆ ಬೇರೆ ಯಾವುದೂ ನಡೆಯುವಂತಿಲ್ಲ. ಡಿಸೆಂಬರಿನಲ್ಲಿ ಹಲ್ಲುನೋವು ಬಂದರೆ ಮಾರ್ಚಿಯಲ್ಲಿ ಕೀಳಿಸಬೇಕು. ಹೆಣ್ಣು ನೋಡಿ ಒಪ್ಪಿದ ಗಂಡಿನ ಕಡೆಯವರು ಕುಯ್ಲು ಮುಗಿಯಲಿ ಎಂದು ಬಾಯಿ ಮುಚ್ಚಿಕೊಂಡು ಕಾಯುತ್ತಾರೆ. ಏನು ಕೇಳಿದರೂ ಒಂದೇ ಉತ್ತರ: “ಕುಯ್ಲು ಆಗ್ಲಿ.”

ಅಕ್ಕ ಪರೀಕ್ಷೆ ಮುಗಿಸಿ ಮನೆಗೆ ಬಂದಿದ್ದ ವರ್ಷ, ಜನವರಿಯಲ್ಲಿ, ಮದರಾಸಿಗೆ ಸಂದರ್ಶನಕ್ಕೆ ಬನ್ನಿ ಎಂದು ಕಾಗದ ಬಂತು. ಜಪಾನಿಗೆ ಕಳಿಸುವುದಕ್ಕೆ ಕೊನೆಯ ಆಯ್ಕೆ. ಅಕ್ಕ ಸೀರೆಗೆ ಇಸ್ತ್ರಿ ಹಾಕಿ, ನಾಯಿಗೆ ವಿದಾಯದ ಭಾಷಣವನ್ನೂ ಮಾಡಿ ಮುಗಿಸಿದಳು. ಅದೇ ವಾರ ತೋಟದ ಲೆಕ್ಕ ಬರೆಯುತ್ತಿದ್ದ ನಮ್ಮ ರೈಟರ್ ದೊಡ್ಡ ಎಸ್ಟೇಟಿಗೆ ಸೇರಿಬಿಟ್ಟಿದ್ದ. ಕುಯ್ದ ಹಣ್ಣು ತೂಗಿ ಬರೆದುಕೊಳ್ಳಲು ಉಳಿದವಳು ಅಕ್ಕ ಒಬ್ಬಳೇ. ಕುಯ್ಲಿನ ನಡುವೆ ಹೋಗುತ್ತೇನೆಂದು ಹೇಗೆ ಕೇಳಲಿ ಎಂದು ಅವಳು ಒದ್ದಾಡುವುದನ್ನು ಅಪ್ಪ ನೋಡಿದರು. ಯಾರಿಗೂ ಹೇಳದೆ ಪೋಸ್ಟಾಫೀಸಿಗೆ ಹೋಗಿ ಬಂದು, ಜಗಲಿಯ ಮೇಲೆ ಕೂತು, ಖುಷಿಯಿಂದ ಹೇಳಿದರು:

“ಯೋಚ್ನೆ ಬಿಡವ್ವಾ. ಮದ್ರಾಸಿಗೆ ಟೆಲಿಗ್ರಾಂ ಹೊಡ್ದುಬುಟ್ಟೆ. ಕುಯ್ಲು ನಡೀತೈತೆ, ಮಾರ್ಚಿಯಲ್ಲಿ ಮಗಳನ್ನ ಕಳಿಸ್ತೀನಿ, ಅಲ್ಲೀಗಂಟ ಕಾಯಿರಿ ಅಂತ.”

ನಗಬೇಡಿ. ನಕ್ಕರೂ ಪರವಾಗಿಲ್ಲ, ಊರೆಲ್ಲ ನಕ್ಕಿದೆ. ಅಪ್ಪನಿಗೆ ತಾನು ಮಾಡಿದ್ದು ಉಪಕಾರವೆಂಬುದರಲ್ಲಿ ಸಂಶಯವೇ ಇರಲಿಲ್ಲ. ಅಕ್ಕ ಚಪ್ಪಲಿ ಮೆಟ್ಟದೆಯೇ ಓಡಿಹೋಗಿ, ನಾನು ಬರುತ್ತೇನೆ ಎಂದು ಇನ್ನೊಂದು ಟೆಲಿಗ್ರಾಂ ಕಳಿಸಿದಳು. ತಾವು ಬರಲಾಗದೆಂದು ತಿಳಿಸಿದ್ದರಿಂದ ಮುಂದಿನ ಹೆಸರಿನವರನ್ನು ಕರೆದಿದ್ದೇವೆ ಎಂದು ಉತ್ತರ ಬಂತು.

ಅದನ್ನು ಓದಿ ಹೇಳಿದಾಗ ಅಪ್ಪ ನಿಜವಾಗಿಯೂ ದಂಗಾದರು. “ಎಂಥಾ ಜನ ಮಾರಾಯ! ಕುಯ್ಲು ಅಂದ್ರೂ ಕಾಯಲ್ಲ ಅಂದ್ರೆ! ಅವರ ದೇಶದಾಗೆ ಕುಯ್ಲೇ ಇಲ್ವಾ?”

ಅಕ್ಕ ಅಳಲಿಲ್ಲ, ಕೂಗಾಡಲಿಲ್ಲ. ಕೂಗಾಡಿದ್ದರೆ ನನಗಾದರೂ ಸಮಾಧಾನವಾಗುತ್ತಿತ್ತು. ಮರುದಿನ ಬೆಳಿಗ್ಗೆ ತಕ್ಕಡಿಯ ಹತ್ತಿರ ಹೋಗಿ ನಿಂತಳು. ನಾಯಿಯೊಡನೆ ಕನ್ನಡದಲ್ಲಿ ಮಾತಾಡಿದಳು. ಯಾರಿಗೂ ಬಗ್ಗಲಿಲ್ಲ. ಕಣದಲ್ಲಿ ಕಾಫಿ ಎಳೆದಾಗ ನೆಟ್ಟಗಿನ ಸಾಲುಗಳು, ಬರೀ ಸಾಲುಗಳು. ಅಪ್ಪ ಸಂಜೆ ಹೊತ್ತು ಕಣದ ಅಂಚಿಗೆ ಬಂದು ಆ ಸಾಲುಗಳನ್ನು ನೋಡಿಕೊಂಡು ನಿಲ್ಲುತ್ತಿದ್ದರು. ಇಷ್ಟು ಚೆಂದ ಕೆಲಸ ಮಾಡಿದ್ದಕ್ಕೆ ಹೊಗಳಬೇಕಿತ್ತಲ್ಲವೆ? ಹೊಗಳಲಿಲ್ಲ.

ಮುಂದೆ ಅವಳು ಪಾಳ್ಯದ ಕಡೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಆದಳು. ಜಪಾನನ್ನು ಅವಳು ನೋಡಿದ್ದು ಗೋಡೆಯ ಮೇಲಿನ ನಕ್ಷೆಯಲ್ಲಿ ಮಾತ್ರ. ಈ ಕಹಿ ನನ್ನ ಬಾಯಿಂದ ಇನ್ನೂ ಹೋಗಿಲ್ಲ, ಹೋಗುವುದೂ ಬೇಡ.

ಆದರೆ ಆ ಮಾರ್ಚಿಯ ಒಂದು ಸಂಜೆಯನ್ನು ಹೇಳದಿದ್ದರೆ ಅಪ್ಪನಿಗೆ ಅನ್ಯಾಯವಾಗುತ್ತದೆ. ಕುಯ್ಲು ಮುಗಿದಿತ್ತು. ಮೂಟೆಗಳೆಲ್ಲ ಸ್ಟೋರಿಗೆ ಹೋಗಿದ್ದವು, ಅಕ್ಕ ಖಾಲಿ ಕಣ ಗುಡಿಸುತ್ತಿದ್ದಳು. ಅಪ್ಪ ಒಳಗಿನಿಂದ ಬಂದರು. ಒಗೆದ ಪಂಚೆ ಉಟ್ಟಿದ್ದರು. ಅವಳ ಎದುರಿಗೆ ನಿಂತು, “ಕುಯ್ಲು ಮುಗೀತು ಕಣವ್ವಾ” ಎಂದರು.

ಆಮೇಲೆ ಎರಡೂ ಕೈ ತೊಡೆಯ ಮೇಲಿಟ್ಟರು. ಬೆನ್ನು ನೆಟ್ಟಗಿಟ್ಟು, ಸೊಂಟದಿಂದ ಬಗ್ಗಿದರು. ಒಂದು ಚೂರೂ ತಪ್ಪಿರಲಿಲ್ಲ. ಅಷ್ಟು ದಿನ ರೇಗಿಸುತ್ತಲೇ ಎಲ್ಲವನ್ನೂ ನೋಡಿಟ್ಟುಕೊಂಡಿದ್ದರು.

ಅಕ್ಕನ ಕೈಯಿಂದ ಪೊರಕೆ ಬಿತ್ತು. ಅಪ್ಪನಿಗಿಂತ ತಗ್ಗಿ ಬಗ್ಗಿದಳು. ಅಪ್ಪ ಏಳಲಿಲ್ಲ, ಅವಳೂ ಏಳಲಿಲ್ಲ. ಕಾಫಿ ಲೋಟ ಹಿಡಿದು ಬಂದ ಅವ್ವ ಬಾಗಿಲಲ್ಲೇ ನಿಂತುಬಿಟ್ಟಳು. ಎಷ್ಟೋ ಹೊತ್ತಿನ ಮೇಲೆ ಅಕ್ಕನ ದನಿ ಕೇಳಿತು.

“ಏಳಪ್ಪಾ. ನೀನು ಏಳದೆ ನಾನು ಏಳಂಗಿಲ್ಲ.”