ಸೊಟ್ಟ ಕಿರುಬೆರಳಿನ ಗಿರಾಕಿ

ಹೆದರುಪುಕ್ಕಲನಿಗೆ ಯಾವ ಕೆಲಸ ಕೊಡಬಾರದೋ ಅದನ್ನೇ ಹುಡುಕಿ ದೇವರು ನನಗೆ ಕೊಟ್ಟಿದ್ದಾನೆ. ನಾನು ಕತ್ತಿ ಮಾಡುವವನು. ಸೊಪ್ಪು ಹೆಚ್ಚುವ ಚಾಕು ಅಂದುಕೊಳ್ಳಬೇಡಿ. ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿ ಕಾಯಿಸಿ, ಬಡಿದು, ಉಜ್ಜಿ, ಗಿರಾಕಿ ಕೇಳಿದ ಅಳತೆಗೆ ಮಾಡಿಕೊಡುವ ಮೊಳದುದ್ದದ ಕತ್ತಿಗಳು. ಶಿವಾಜಿನಗರದ ಗಲ್ಲಿಯಲ್ಲಿ, ಎಸ್‌ಟಿಡಿ ಬೂತಿನ ಹಿಂದೆ ನನ್ನ ಶೆಡ್ಡು. ರಸೆಲ್ ಮಾರುಕಟ್ಟೆಯ ಮಾಂಸದಂಗಡಿಯವರು, ಬಿರಿಯಾನಿ ಹೋಟೆಲಿನವರು, ಕತ್ತಿಯನ್ನು ಗೋಡೆಗೆ ತೂಗುಹಾಕಿ ನೋಡುತ್ತಾ ಕೂರುವ ಕುಕ್ ಟೌನಿನ ಬಂಗಲೆಯವರು, ಎಲ್ಲರೂ ಬರುತ್ತಾರೆ. ನಾನೋ, ಒಂದು ಹನಿ ರಕ್ತ ಕಂಡರೆ ಕಣ್ಣಿಗೆ ಕತ್ತಲೆ ಬಂದು ಕೂತುಬಿಡುವವನು. ಕತ್ತಿಯನ್ನು ಪೇಪರಿನಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ಯುವಾಗ ಪಕ್ಕದವರು "ಏನ್ ಸಾರ್ ಇದು?" ಅಂದರೆ "ಟ್ಯೂಬ್‌ಲೈಟು" ಅನ್ನುತ್ತೇನೆ. ಅಷ್ಟು ಹೇಳುವುದರೊಳಗೆ ಅಂಗಿ ಒದ್ದೆಯಾಗಿರುತ್ತದೆ.

ನನ್ನದೊಂದು ಪದ್ಧತಿ ಇದೆ. ಗಿರಾಕಿಯ ಅಂಗೈಯನ್ನು ಕಾಗದದ ಮೇಲೆ ಊರಿಸಿ ಸುತ್ತಲೂ ಪೆನ್ಸಿಲ್ ಗೀಟು ಎಳೆದುಕೊಳ್ಳುತ್ತೇನೆ. ಆ ಕೈಗೆ ತಕ್ಕ ಹಿಡಿ ಮಾಡುತ್ತೇನೆ. ಕತ್ತಿ ಯಾತಕ್ಕೆ ಅಂತ ಮಾತ್ರ ಕೇಳುವುದಿಲ್ಲ. ಕೇಳಿದರೆ ಹೇಳಿಬಿಟ್ಟಾರು ಅನ್ನುವ ಭಯ.

ಹೋದ ಬೇಸಿಗೆಯಲ್ಲಿ, ಮಾರುಕಟ್ಟೆಯಲ್ಲಿ ಮಾಂಸದಂಗಡಿ ಇಟ್ಟಿರುವ ನನ್ನ ಗೆಳೆಯ ಅನ್ಸರ್ ಒಂದು ಮಡಚಿದ ಕಾಗದ ತಂದ. "ಒಂದು ಆರ್ಡರ್ ಇದೆ ಗುರು. ಹದಿನಾರು ಇಂಚು ಅಲಗು, ಒಳ್ಳೇ ತೂಕ ಇರ್ಬೇಕು. ಒಂದೇ ಏಟಿಗೆ ಒಳಗೆ ಇಳೀಬೇಕಂತೆ."

"ಯಾರಿಗೆ?"

"ಹೆಸರು ಹೇಳ್ಬೇಡಿ ಅಂದಿದಾರೆ. ಯಾವತ್ತೂ ಕೇಳದೋನು ಇವತ್ತು ಯಾಕೆ ಕೇಳ್ತೀಯ?"

ಕಾಗದ ಬಿಚ್ಚಿದೆ. ಪೆನ್ಸಿಲ್ ಗೀಟಿನಲ್ಲಿ ಒಂದು ಅಂಗೈ. ಸಣ್ಣ ಕೈ. ಕಿರುಬೆರಳಿನ ತುದಿ ಹೊರಕ್ಕೆ ಸೊಟ್ಟ. ಆ ಸೊಟ್ಟಕ್ಕೆ ಕಾರಣ ನಾನೇ, ಮದುವೆಯಾದ ಹೊಸದರಲ್ಲಿ ನೋಡದೆ ಬೀರುವಿನ ಬಾಗಿಲು ಹಾಕಿದ್ದೆ. ಅದು ನನ್ನ ಹೆಂಡತಿ ಸರೋಜಳ ಕೈ.

ಕತ್ತಿ ಮಾಡುವ ಗಂಡ ಮನೆಯಲ್ಲೇ ಇರುವಾಗ ಕದ್ದುಮುಚ್ಚಿ ಇನ್ನೊಬ್ಬರ ಕೈಲಿ ಹೇಳಿ ಕತ್ತಿ ಮಾಡಿಸುವವಳ ಮನಸ್ಸಿನಲ್ಲಿ ಏನಿರಬಹುದು? ರಾಮಮೂರ್ತಿ ನಗರದ ಬಸ್ಸಿನಲ್ಲಿ ಕೂತು ನನ್ನ ತಪ್ಪುಗಳನ್ನು ನೆನೆಸಿಕೊಂಡೆ. ಬೀರುವಿನ ಬಾಗಿಲು. ಅವಳ ತಂಗಿಯ ಮದುವೆಗೆ ಹೋಗದೆ ಶೆಡ್ಡಿನಲ್ಲಿ ಕೂತದ್ದು. ಇವತ್ತು ನಾಳೆ ಅಂತ ಮುಂದೂಡಿದ ಸಣ್ಣಪುಟ್ಟ ಕೆಲಸಗಳು ಬಿಡಿ. ಎಲ್ಲಕ್ಕಿಂತ ದೊಡ್ಡದು ಒನಕೆ. ಅವಳ ಅಮ್ಮ ಕೊಟ್ಟಿದ್ದ ಬೀಟೆ ಮರದ ಒನಕೆಯನ್ನು ಕೊಯ್ದು ನಾಲ್ಕು ಕತ್ತಿಗೆ ಹಿಡಿ ಮಾಡಿದ್ದೆ. ಅವಳು ಕೇಳಿದಾಗ ಗೆದ್ದಲು ತಿಂದಿತು ಅಂದಿದ್ದೆ. ಬೀಟೆಗೆ ಗೆದ್ದಲು ಹಿಡಿಯುವುದಿಲ್ಲ ಅಂತ ಅವಳಿಗೆ ಯಾರೋ ಹೇಳಿರಬೇಕು.

ಅವತ್ತು ಸರೋಜ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿ, "ಚೆನ್ನಾಗಿ ತಿನ್ರೀ, ಸೊರಗಿಬಿಟ್ಟಿದೀರ" ಅಂದಳು. ಅನ್ಸರ್ ಕೂಡ ಅಂಗಡಿಯ ಹಿಂದೆ ಕಟ್ಟಿದ ಕುರಿಗೆ ಹೀಗೇ ಪ್ರೀತಿಯಿಂದ ಸೊಪ್ಪು ಹಾಕುತ್ತಾನೆ.

ನೇರವಾಗಿ ಕೇಳಬಹುದಿತ್ತು. ಕೇಳುವ ಧೈರ್ಯವಿದ್ದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಅದರ ಬದಲು, ಈ ಕಸುಬಿನಲ್ಲಿ ಯಾರೂ ಮಾಡಬಾರದ ಕೆಲಸ ಮಾಡಿದೆ. ಅಲಗನ್ನು ಕೊನೆಯಲ್ಲಿ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಹದ ಕೊಡಬೇಕು. ಆಗಲೇ ಕಬ್ಬಿಣ ಗಟ್ಟಿಯಾಗುವುದು. ನಾನು ಹದ ಕೊಡಲೇ ಇಲ್ಲ. ನೋಡಲು ಫಳಫಳ, ಒಳಗೆ ಬರೀ ತಗಡು. ಅಲಗಿನಲ್ಲಿ ಮೋಸ ಮಾಡಿದ ಪಾಪಕ್ಕೆ ಹಿಡಿಯಾದರೂ ಚೆನ್ನಾಗಿರಲಿ ಅಂತ ಆ ಬೀಟೆ ಒನಕೆಯಲ್ಲಿ ಉಳಿದಿದ್ದ ಕೊನೇ ತುಂಡನ್ನು ಹಾಕಿದೆ. ನನ್ನ ಗುರುತಿನ ಮುದ್ರೆ ಒತ್ತಿ ಅನ್ಸರ್ ಕೈಗೆ ಕೊಟ್ಟೆ. ಇಪ್ಪತ್ತು ವರ್ಷದಲ್ಲಿ ಹದವಿಲ್ಲದ ಕತ್ತಿಗೆ ಅದನ್ನು ಒತ್ತಿದ್ದು ಅದೇ ಮೊದಲು.

ಭಾನುವಾರ ಬೆಳಿಗ್ಗೆ ಸರೋಜ ಹಿತ್ತಲಿನಿಂದ "ರೀ, ಇಲ್ಲಿ ಬನ್ನಿ" ಅಂತ ಕರೆದಳು. ಹೋದೆ. ಒಂದು ಕೈಯಲ್ಲಿ ಕತ್ತಿ. ಕಾಲ ಬಳಿ, ಗೋಣಿಯ ಮೇಲೆ, ದೊಡ್ಡದೊಂದು ಹಲಸಿನಹಣ್ಣು.

"ಹದಿನೈದು ವರ್ಷದಿಂದ ಒಂದು ಕತ್ತಿ ಮಾಡಿಕೊಡಿ ಅಂತ ಕೇಳ್ತಿದೀನಿ. ಹಲಸಿನಹಣ್ಣು ಬಿದ್ದಾಗೆಲ್ಲ ಪಕ್ಕದ ಮನೆ ಕತ್ತಿ. ಗಿರಾಕಿ ಅಂತ ಬಂದ್ರೇನೇ ನಿಮ್ಮ ಕೈಲಿ ಕೆಲಸ ಆಗೋದು ಅಂತ ಅನ್ಸರ್ ಭಾಯ್‌ಗೆ ಹೇಳಿದೆ" ಅಂದು ಒಂದು ಏಟು ಹಾಕಿದಳು. ಹಣ್ಣಿಗೆ ಏನೂ ಆಗಲಿಲ್ಲ. ಕತ್ತಿ ಬಗ್ಗಿತು.

ಸರೋಜ ಬಗ್ಗಿದ ಅಲಗನ್ನು ನೋಡಿದಳು, ನನ್ನ ಮುದ್ರೆಯನ್ನು ನೋಡಿದಳು. ಅವಳ ಕಣ್ಣಲ್ಲಿ ನೀರು ಬಂತು. "ನನ್ನ ಕೈ ಅಂತ ಗೊತ್ತಾಗ್ಲಿಲ್ವಾ ನಿಮಗೆ?"

ಗೊತ್ತಾಗಲಿಲ್ಲ ಅಂದರೆ ಹೆಂಡತಿಯ ಕೈ ಗುರುತಿಲ್ಲದ ಗಂಡ. ಗೊತ್ತಾಯಿತು ಅಂದರೆ ಇನ್ನೂ ಕಷ್ಟ. ಆ ನೀರು ನೋಡಿ ನಿಜ ಹೇಳಿಬಿಟ್ಟೆ: "ಗೊತ್ತಾಯ್ತು. ಅದಕ್ಕೇ ಹೆದರಿಕೊಂಡು ಹದ ಕೊಡ್ಲಿಲ್ಲ."

ಅರ್ಥವಾಗಲು ಅವಳಿಗೆ ಕ್ಷಣ ಹಿಡಿಯಿತು. ಆಮೇಲೆ ಹಲಸಿನಹಣ್ಣಿನ ಪಕ್ಕದಲ್ಲೇ ಕುಸಿದು ಕೂತು ನಕ್ಕಳು. ಸೆರಗಿನಿಂದ ಕಣ್ಣೊರೆಸಿಕೊಂಡು, "ನಾನು ಕಡಿದುಬಿಡ್ತೀನಿ ಅಂತ ಹೆದರೋ ಅಂಥದ್ದು ಏನ್ರೀ ಮಾಡಿದೀರ ನೀವು?" ಅಂದಳು. ನಾನು ಬಗ್ಗಿ ಹಲಸಿನಹಣ್ಣಿನ ಕೆಳಗಿನ ಗೋಣಿ ಸರಿಮಾಡತೊಡಗಿದೆ. ಅವಳು ಹಿಡಿಯ ಮೇಲೆ ಬೆರಳಾಡಿಸಿದಳು. "ಹಿಡಿ ಮಾತ್ರ ಚೆನ್ನಾಗಿದೆ. ಚಿಕ್ಕಂದಿನಿಂದ ಹಿಡಿದು ಗೊತ್ತಿರೋ ಹಾಗಿದೆ. ಇದನ್ನೇ ಇಟ್ಟು ಅಲಗು ಬೇರೆ ಹಾಕ್ಕೊಡಿ. ಯಾವ ಮರ ಇದು?"

ಹೊಸ ಅಲಗು ಸಿದ್ಧವಾಗಿದೆ. ಈ ಸಲ ಹದ ಎಷ್ಟು ಚೆನ್ನಾಗಿ ಕೂತಿದೆಯೆಂದರೆ ನೋಡಿ ನನಗೇ ಹೆಮ್ಮೆ, ನನಗೇ ನಡುಕ. ಅದನ್ನು ಕೊಡುವ ದಿನ ಮರ ಯಾವುದೆಂದೂ ಹೇಳಬೇಕು. ದಿನಾ ಸಂಜೆ ಬಾಗಿಲಲ್ಲೇ "ತಂದ್ರಾ?" ಅನ್ನುತ್ತಾಳೆ. "ನಾಳೆ" ಅನ್ನುತ್ತೇನೆ.